ಮನುಷ್ಯರಿಲ್ಲದ ಚಿತ್ರ

“ಎಡಗಡೆ ನೋಡಿ,” ಎಂದು ಬಿಸಿಲಜ್ಜನ ಅಳಿಯ ಕೆಂಪು ಕೊಡೆ ಎತ್ತಿ ತೋರಿಸಿದ. “ಈ ಬಿಳಿ ಗೋಡೆ ಇದೆಯಲ್ಲ, ಇದನ್ನ ಬರೆಯೋಕೆ ಅಂತಾನೇ ದೊಡ್ಡ ಕಲಾವಿದರೊಬ್ಬರು ಬೇಸಿಗೆಗಟ್ಟಲೆ ಇಲ್ಲೇ ಕೂತಿದ್ರು. ಇಂಥ ಬೆಳಕು ಭೂಮಿ ಮೇಲೆ ಇನ್ನೆಲ್ಲೂ ಇಲ್ಲ ಅಂತಿದ್ರಂತೆ.”

“ಹಸಿದು ಸತ್ತವರು ಇವರೇ ತಾನೆ?” ಎಂದೆ.

“ಅದನ್ನ ಪ್ರವಾಸಿಗರಿಗೆ ಹೇಳಲ್ಲ ಮೇಡಂ. ಇದಾದ ಮೇಲೆ ಅವರು ಊಟಕ್ಕೆ ಹೋಗ್ಬೇಕಲ್ಲ.”

ಅವನ ಮಾವ, ಊರಿನ ಹೆಸರಾಂತ ಚಿತ್ರಗಾರ ಬಿಸಿಲಜ್ಜ, ಗುಡ್ಡದಿಂದ ಬಿದ್ದು ಸತ್ತು ಇನ್ನೂ ವಾರವಾಗಿರಲಿಲ್ಲ. ತಳ್ಳಿದವಳು ಚಿಕ್ಕ ಮಗಳು ಎಂದು ದೊಡ್ಡ ಮಗಳು ದೂರು ಕೊಟ್ಟಿದ್ದಳು. ಚಿಕ್ಕವಳನ್ನು ಲಾಕಪ್ಪಿಗೆ ಹಾಕಿದವಳು ನಾನೇ. ನಾಳೆ ಬೆಳಿಗ್ಗೆ ಅವಳನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು.

ಅದಕ್ಕೆ ಮುಂಚೆ ಒಂದು ಸಲ ಈ ದಾರಿಯನ್ನು ನಡೆದು ನೋಡೋಣ ಎಂದು ಎಲ್ಲರನ್ನೂ ಹೊರಡಿಸಿದ್ದೆ. ಪ್ರವಾಸಿ ಗೈಡಾದ ಅಳಿಯ ಮಾವ ಸತ್ತ ದಿನ ಪ್ರವಾಸಿಗರಿಗೆ ಏನೇನು ಹೇಳಿದನೋ ಅದನ್ನೇ ಇವತ್ತೂ ಹೇಳಬೇಕು, ಒಂದು ಮಾತೂ ಬಿಡಕೂಡದು ಎಂದಿದ್ದೆ. ಅವನಿಗೆ ಅದರಿಂದ ಖುಷಿಯೇ ಆಗಿತ್ತು. ಬಾಯಿ ಇರುವುದೇ ಅವನ ಬಂಡವಾಳ.

ಅವನ ಹಿಂದೆ ಅವನ ಹೆಂಡತಿ, ಅಂದರೆ ದೊಡ್ಡ ಮಗಳು, ಕಪ್ಪು ಕನ್ನಡಕ ಹಾಕಿಕೊಂಡು ನಡೆಯುತ್ತಿದ್ದಳು. ಬಂದರಿನ ಬೀದಿಯ ಚಿತ್ರದಂಗಡಿ ಅವಳದು. ನನ್ನ ಪಕ್ಕದಲ್ಲಿ ಚಿಕ್ಕವಳು. ನಲವತ್ತು ದಾಟಿದರೂ ಮನೆಯಲ್ಲೂ ಊರಲ್ಲೂ ಅವಳು ಚಿಕ್ಕವಳೇ. ಈ ಊರಿನಲ್ಲಿ ಬೆಕ್ಕಿನ ಮೂತಿಯೂ ಬಿಸಿಲಿಗೆ ಕಂದಿರುತ್ತದೆ. ಇವಳ ಮುಖ ಮಾತ್ರ ಗೆದ್ದಲು ಹುಳುವಿನ ಹಾಗೆ ಬಿಳಿಚಿಕೊಂಡಿತ್ತು.

ಎಲ್ಲರಿಗಿಂತ ಹಿಂದೆ ನಮ್ಮ ಠಾಣೆಯ ಹಿರಿಯ ಪೇದೆ. ಮಾತು ಅಷ್ಟು ನುಣುಪಾದ್ದರಿಂದ ಅವನಿಗೆ ‘ಬೆಣ್ಣೆ’ ಎಂದು ಅಡ್ಡಹೆಸರು. ಗುಡ್ಡದ ಬೀಟು ಅವನದೇ. ಹೆಣವನ್ನು ಮೊದಲು ಕಂಡವನೂ ಅವನೇ. ಬಿಸಿಲಜ್ಜನ ಕೊನೆಯ ಚಿತ್ರವನ್ನು, ಆವತ್ತು ಸ್ಟ್ಯಾಂಡಿನ ಮೇಲೆ ಒದ್ದೆಯಾಗಿ ಸಿಕ್ಕಿದ ಕ್ಯಾನ್ವಾಸನ್ನು, ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದ.

“ಸ್ಟ್ಯಾಂಡ್ ಎಲ್ಲಯ್ಯ?” ಎಂದು ಹೊರಡುವಾಗ ಕೇಳಿದ್ದೆ.

“ಮರೆತೇಬಿಟ್ಟೆ ಮೇಡಂ. ನಾನಿದ್ದೀನಲ್ಲ, ನಾನೇ ಹಿಡ್ಕೊಂಡು ನಿಂತ್ಕೋತೀನಿ.”

ಎಣ್ಣೆ ಬಣ್ಣ ಅಷ್ಟು ಬೇಗ ಆರುವುದಿಲ್ಲ. ಜೀಪಿನಿಂದ ಇಳಿಸುವಾಗಲೇ ಕ್ಯಾನ್ವಾಸಿನ ಒಂದು ಕಡೆ ಅವನ ಹೆಬ್ಬೆರಳು ಒತ್ತಿ ಗುರುತು ಬಿದ್ದಿತ್ತು. ಸಾಕ್ಷ್ಯಕ್ಕೆ ದೋಸೆ ಹಿಟ್ಟಿನಂತೆ ಬೆರಳು ಅದ್ದಿ ನೋಡುತ್ತೀಯಾ ಎಂದು ಚೆನ್ನಾಗಿ ಉಗಿದೆ. ಅವನು ನಾಲಿಗೆ ಕಚ್ಚಿಕೊಂಡು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ದಾರಿಯುದ್ದಕ್ಕೂ ಕಬ್ಬಿಣದ ಕಂಬಗಳು. ಒಂದೊಂದರ ಮೇಲೂ ಸತ್ತ ಚಿತ್ರಗಾರರ ಚಿತ್ರದ ಒಂದು ನಕಲು. ಇಲ್ಲಿ ನಿಂತು ಬಂದರು ನೋಡಿ, ಇಲ್ಲಿ ನಿಂತು ಬಾಗಿದ ಮರ ನೋಡಿ. ಅಜ್ಜಂದಿರ ಕಾಲದಿಂದಲೂ ಚಿತ್ರಗಾರರು ಬೆಳಕು ಹುಡುಕಿಕೊಂಡು ಈ ಕರಾವಳಿಗೆ ಬರುತ್ತಿದ್ದರು. ಊರಿನವರು ಅವರನ್ನು ಕೆಲಸಗೇಡಿಗಳು ಎಂದು ಬೈದು ಬಾಗಿಲು ಹಾಕಿಕೊಂಡರು. ಈಗ ಅದೇ ಬಾಗಿಲುಗಳಿಗೆ ಅವರು ಬಳಸಿದ ನೀಲಿ ಬಣ್ಣ ಬಳಿದು, ಅದರ ಮುಂದೆ ಫೋಟೋ ತೆಗೆಸುತ್ತಾರೆ. ನನಗೆ ಬಿಸಿಲೂ ಆಗುವುದಿಲ್ಲ, ಇಂಥ ಜನವೂ ಆಗುವುದಿಲ್ಲ. ನನ್ನನ್ನು ಇಲ್ಲಿಗೆ ವರ್ಗ ಮಾಡಿದವರು ಎರಡನ್ನೂ ತಿಳಿದೇ ಮಾಡಿರಬೇಕು.

“ಇನ್ನು ಕೊನೇ ಜಾಗ,” ಎಂದು ಅಳಿಯ ದನಿ ತಗ್ಗಿಸಿದ. ದಿನವೂ ಇಲ್ಲಿ ತಗ್ಗಿಸುತ್ತಾನೆಂದು ಗೊತ್ತಾಗುತ್ತಿತ್ತು. “ಇಲ್ಲಿವರೆಗೆ ನೀವು ನೋಡಿದ್ದೆಲ್ಲ ಹೋದವರ ಚಿತ್ರ. ಈಗ ಬದುಕಿರೋ ಕಲಾವಿದರನ್ನ ಕಣ್ಣಾರೆ ನೋಡ್ತೀರಿ. ದಯವಿಟ್ಟು ಹಗ್ಗ ದಾಟಬೇಡಿ, ಮಾತಾಡಬೇಡಿ. ಅವರು ಸೂರ್ಯನ ಜೊತೆ ಮಾತಾಡ್ತಿರ್ತಾರೆ.”

ಚಿಕ್ಕವಳು ಒಮ್ಮೆ ನಕ್ಕಳು. ಕೇಳಲು ಕಷ್ಟವಾಗುವಂಥ ನಗು.

ಗುಡ್ಡದ ತುದಿಗೆ ಬಂದಿದ್ದೆವು. ಕೆಂಪು ಮಣ್ಣಿನ ಬೋಳು ನೆಲ, ಅಡ್ಡಕ್ಕೆ ಒಂದು ಹಗ್ಗ, ಹಗ್ಗದ ಆಚೆ ಅಂಚಿನಲ್ಲಿ ಒಂದು ಮಣೆ. ಗುಡ್ಡ ಇಲ್ಲಿ ಕುದುರೆ ಲಾಳದಂತೆ ಬಾಗಿದೆ. ಲಾಳದ ಈ ತುದಿಯಲ್ಲಿ ಬಿಸಿಲಜ್ಜ ಕೂರುವ ಮಣೆ. ಆ ತುದಿಯಲ್ಲಿ ಅವನ ಮನೆಗೆ ಹೋಗುವ ಕಾಲುದಾರಿಯ ತಿರುವು. ನಡುವೆ ಆಳದಲ್ಲಿ ಸಮುದ್ರ ಮತ್ತು ಕರಿ ಬಂಡೆಗಳು. ಹೆಣ ಸಿಕ್ಕಿದ್ದು ಆ ತಿರುವಿನ ಕೆಳಗೆ.

ಹಗ್ಗದ ಬಳಿ ನಿಂತು ನೋಡಿದೆ. ಕಾಣುವುದು ಬರೀ ನೀಲಿ ನೀರು. ಹಗ್ಗ ದಾಟಿ ಮಣೆಯ ಮೇಲೆ ಕೂತೆ. ಈಗ ಆ ಬಂಡೆಗಳೆಲ್ಲ ಕಂಡವು. ಪ್ರವಾಸಿಗರಿಗೆ ಕಾಣದ್ದು ಮಣೆಯ ಮೇಲೆ ಕೂತವರಿಗೆ ಕಾಣುತ್ತದೆ.

ಬೆವರು ಒರೆಸಿಕೊಂಡ ಬಿಳಿ ಕರವಸ್ತ್ರ ನೋಡಿಕೊಂಡೆ. ಕೆಂಪಗಾಗಿತ್ತು. ಅದನ್ನು ಬಿಡಿಸಿ ದೊಡ್ಡ ಮಗಳ ಮುಂದೆ ಹಿಡಿದೆ.

“ಏನಿದು?”

“ಧೂಳು,” ಎಂದಳು ಅವಳು. “ಗುಡ್ಡದ ಮೇಲೆ ಗಾಳಿಗೆ ಧೂಳೇಳತ್ತೆ. ಅದಕ್ಕೇನೀಗ?”

“ನಿನ್ನೆ ನಿಮ್ಮ ಅಂಗಡಿಗೆ ಬಂದಿದ್ದೆನಲ್ಲ. ಗಿರಾಕಿಗೆ ಹೇಳೋ ಹಾಗೆ ನನಗೂ ಹೇಳಿದ್ರಿ. ಏನಂತ?”

“ಮುಟ್ಟಿ ನೋಡಿ ಅಂದೆ. ಅಪ್ಪನ ಚಿತ್ರದಲ್ಲಿ ಸಮುದ್ರದ ಮರಳು ಕೈಗೆ ಸಿಗತ್ತೆ. ಬರೀವಾಗ ಗಾಳಿ ತಂದು ಹಸಿ ಬಣ್ಣಕ್ಕೆ ಅಂಟಿಸತ್ತೆ. ಅದೇ ಅಸಲಿ ಚಿತ್ರದ ಗುರುತು.”

“ಮುಟ್ಟಿ ನೋಡಿದೆ. ಎಲ್ಲದರಲ್ಲೂ ಬಿಳಿ ಮರಳು. ಸಕ್ಕರೆ ಉದುರಿಸಿದ ಹಾಗೆ ಚೊಕ್ಕವಾಗಿದೆ. ಈ ಎತ್ತರಕ್ಕೆ ಬಿಳಿ ಮರಳು ಹಾರಿ ಬರತ್ತಾ? ಇಲ್ಲಿ ಎಲ್ಲಿದೆ ತೋರಿಸಿ, ಒಂದು ಚಿಟಿಕೆ ತೋರಿಸಿ.”

ಅವಳು ನೆಲ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

“ಹಿಟ್ಟಿನ ಜರಡಿ,” ಎಂದಳು ಚಿಕ್ಕವಳು. ಲಾಕಪ್ಪಿನಿಂದ ಹೊರಟ ಮೇಲೆ ಅವಳ ಮೊದಲ ಮಾತು. “ಅಡುಗೆಮನೆ ಜರಡಿಯಲ್ಲಿ ಮರಳು ಸೋಸಿ ಉದುರಿಸ್ತಾಳೆ ಅಕ್ಕ. ನಾನು ಬರೆದು ಬ್ರಷ್ ತೊಳೆಯೋದ್ರೊಳಗೆ ಬಂದುಬಿಡ್ತಾಳೆ.”

“ಬಾಯ್ಮುಚ್ಚೇ,” ಎಂದಳು ಅಕ್ಕ. “ಮೇಡಂ, ಇವಳ ತಲೆ ನೆಟ್ಟಗಿಲ್ಲ. ಅಪ್ಪನ ಚಿತ್ರ ತಾನು ಬರೆದದ್ದು ಅಂತಾಳೆ. ನಾಳೆ ಸಮುದ್ರಾನೂ ತಾನೇ ತುಂಬಿಸಿದ್ದು ಅಂತಾಳೆ.”

“ಇರಲಿ. ಬೆಣ್ಣೆ, ಈ ಕಡೆ ಬಾ. ಬೆಳಕಿಗೆ ಹಿಡಿ.”

ಬೆಣ್ಣೆ ಹಗ್ಗ ದಾಟಿ ಬಂದು ಅಂಚಿನ ಹತ್ತಿರ ನಿಂತ. ಕ್ಯಾನ್ವಾಸನ್ನು ಎದೆಗೆ ಅಡ್ಡವಾಗಿ, ಬಣ್ಣದ ಮುಖ ನಮ್ಮ ಕಡೆ ಮಾಡಿ ಹಿಡಿದುಕೊಂಡ. ಕ್ಯಾನ್ವಾಸಿನ ಮೇಲುಗಡೆ ಅವನ ಮುಖ, ಕೆಳಗಡೆ ಅವನ ಬೂಟು, ನಡುವೆ ಸಮುದ್ರ.

ನನಗೆ ಚಿತ್ರದ ಗಂಧಗಾಳಿ ಇಲ್ಲ. ಆದರೂ ಇದು ಅಂಗಡಿಯಲ್ಲಿದ್ದ ಚಿತ್ರಗಳ ಜಾತಿಯದಲ್ಲ ಎಂದು ನನಗೂ ತಿಳಿಯಿತು. ಅವೆಲ್ಲ ಅಂದವಾಗಿದ್ದವು. ಇದನ್ನು ನೋಡಿದರೆ ಕಣ್ಣು ಕಿರಿದು ಮಾಡಬೇಕಾಗುತ್ತಿತ್ತು. ಬಂಡೆಗಳ ಬಲಕ್ಕೆ ಬಿದ್ದ ಬೆಳಗಿನ ನೆರಳು, ನೀರಿನ ಮೇಲಿನ ಉರಿ, ಎಲ್ಲ ನನ್ನ ಎದುರಿಗೆ ಇದ್ದಂತೆಯೇ ಇತ್ತು. ಮತ್ತು ಆಕಾಶದಿಂದ ಬಂಡೆಯವರೆಗೆ ಹಸಿ ಬಣ್ಣದೊಳಗೆ ಸಣ್ಣ ಕೆಂಪು ಧೂಳು ಕೂತಿತ್ತು.

“ಬಿಳಿ ಮರಳು ಒಂದು ಕಾಳೂ ಇಲ್ಲ,” ಎಂದೆ. “ಈ ಗುಡ್ಡದ ಮೇಲೆ ಕೂತು ಬರೆದ ಚಿತ್ರ ಅಂದ್ರೆ ಇದೊಂದೇ. ಆವತ್ತು ಬೆಳಿಗ್ಗೆ, ಇದೇ ಮಣೆ ಮೇಲೆ, ಇದೇ ಬೆಳಕಲ್ಲಿ. ಬರೆದವರು ಯಾರು?”

“ಇನ್ಯಾರು, ಮಾವ,” ಎಂದ ಅಳಿಯ. “ಪ್ರವಾಸಿಗರೆಲ್ಲ ನೋಡಿದ್ದಾರೆ. ಫೋಟೋ ಇದೆ.”

“ಫೋಟೋದಲ್ಲಿ ಇರೋದು ಒಂದು ಹುಲ್ಲಿನ ಟೋಪಿ, ಒಂದು ನೀಲಿ ಅಂಗಿ. ಅದೂ ಬೆನ್ನ ಕಡೆಯಿಂದ. ಹೆಣ ಕೊಯ್ದ ಡಾಕ್ಟರು ನಿನ್ನೆ ಸಂಜೆ ನನ್ನನ್ನ ಕರೆದು ನಿಮ್ಮ ಮಾವನ ಕಣ್ಣು ತೋರಿಸಿದ್ರು. ಎರಡೂ ಕಣ್ಣಿಗೆ ಪೊರೆ ತುಂಬಿ ಮೊಸರಿನ ಹಾಗಾಗಿತ್ತು. ಇವರಿಗೆ ಹಗಲು ರಾತ್ರಿ ಗೊತ್ತಾಗಿದ್ರೆ ಹೆಚ್ಚು ಅಂದ್ರು.”

ಅಳಿಯ ಕೊಡೆ ಮಡಚಿದ. ಮತ್ತೆ ಬಿಚ್ಚಿದ.

“ಪೊರೆ ತೆಗೆಸೋದು ಅರ್ಧ ದಿನದ ಕೆಲಸ,” ಎಂದೆ ದೊಡ್ಡ ಮಗಳಿಗೆ. “ಯಾಕೆ ತೆಗೆಸಲಿಲ್ಲ?”

ಅವಳು ಕಪ್ಪು ಕನ್ನಡಕ ತೆಗೆದಳು. ಅಳು ಬರಬಹುದು ಎಂದುಕೊಂಡಿದ್ದೆ. ಅವಳ ಕಣ್ಣಲ್ಲಿ ಇದ್ದದ್ದು ಬೇಸರ, ದಡ್ಡ ಗಿರಾಕಿಯನ್ನು ಕಂಡ ಅಂಗಡಿಯವರ ಬೇಸರ.

“ಕಣ್ಣಿದ್ದಾಗ ಅಪ್ಪ ವರ್ಷಕ್ಕೊಂದು ಚಿತ್ರ ಬರೀತಿದ್ರು. ಅದನ್ನೂ ಸರಿ ಬಂದಿಲ್ಲ ಅಂತ ಕೆರೆದು ಹಾಕ್ತಿದ್ರು. ಸಂಸಾರ ನಡೆಯತ್ತಾ ಮೇಡಂ? ಕಣ್ಣು ಹೋದ ಮೇಲೇ ನಾವು ನಾಲ್ಕು ಜನರ ಹಾಗೆ ಬದುಕಿದ್ದು.”

ಇಷ್ಟು ಹೇಳಿ ಅವಳು ಕನ್ನಡಕ ಮತ್ತೆ ಹಾಕಿಕೊಂಡಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಗಳನ್ನು ಹಿಂದೆ ಕಟ್ಟಿಕೊಂಡೆ.

ಅಲ್ಲಿಂದ ಅಳಿಯನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ನಾನು ಕೇಳದ್ದನ್ನೂ ಹೇಳಿದ.

ದಿನವೂ ಬೆಳಿಗ್ಗೆ ಅಜ್ಜನಿಗೆ ನೀಲಿ ಅಂಗಿ ತೊಡಿಸಿ ಮಣೆಯ ಮೇಲೆ ಕೂರಿಸುವುದು. ಚಿಕ್ಕವಳು ಹಿಂದಿನ ಕೋಣೆಯಲ್ಲಿ ಬರೆದು ಮುಗಿಸಿದ ಚಿತ್ರವೊಂದನ್ನು ಸ್ಟ್ಯಾಂಡಿಗೆ ಏರಿಸುವುದು. ಅಜ್ಜನ ಕೈಗೆ ಒಣ ಬ್ರಷ್ ಕೊಡುವುದು. ಅಜ್ಜ ಪ್ರವಾಸಿಗರು ಹೋಗುವವರೆಗೆ ಅದನ್ನು ಮೇಲೆ ಕೆಳಗೆ ಆಡಿಸುವುದು. ಅಷ್ಟೇ.

“ಆವತ್ತು ಮಾವ ಹಟ ಹಿಡಿದ್ರು,” ಎಂದ. “ಪ್ರವಾಸಿಗರ ಕಡೆ ತಿರುಗಿ ನಿಂತು ಎಲ್ಲಾ ಹೇಳಿಬಿಡ್ತೀನಿ ಅಂದ್ರು. ನಾನು ಕುರುಡ, ಬರೆಯೋಳು ನನ್ನ ಚಿಕ್ಕವಳು ಅಂತ ಕೂಗ್ತೀನಿ ಅಂದ್ರು. ಜನ ಆಗಲೇ ದಾರಿಯಲ್ಲಿದ್ರು ಮೇಡಂ. ನಾನೇನು ಮಾಡ್ಲಿ? ಕೋಣೆಗೆ ಕೂಡಿಹಾಕಿ ಚಿಲಕ ಹಾಕಿದ್ವಿ. ಚಿಕ್ಕವಳಿಗೆ ಅವರ ಇನ್ನೊಂದು ಅಂಗಿ, ಟೋಪಿ ಹಾಕಿ ಮಣೆ ಮೇಲೆ ಕೂರಿಸಿದ್ವಿ.”

“ಅಪ್ಪಂಗೆ ಜ್ವರ ಅಂದ್ರಿ ಭಾವ,” ಎಂದಳು ಚಿಕ್ಕವಳು.

“ಹಾಗೆ ಹೇಳ್ದಿದ್ರೆ ನೀನು ಬರ್ತಿದ್ಯಾ?”

“ಆಮೇಲೆ?” ಎಂದೆ.

“ಆಮೇಲೆ ಮನೆಗೆ ಬಂದು ನೋಡಿದ್ರೆ ಚಿಲಕ ತೆಗೆದಿದೆ, ಮಾವ ಇಲ್ಲ. ಅಷ್ಟರಲ್ಲಿ ಬಂಡೆ ಹತ್ರ ಹೆಣ ಸಿಕ್ತು ಅಂತ ಸುದ್ದಿ ಬಂತು. ದೇವರಾಣೆಗೂ ನಾವು ಅವರನ್ನ ಮುಟ್ಟಿಲ್ಲ. ನಾನು ಪ್ರವಾಸಿಗರ ಜೊತೆ ಇದ್ದೆ, ನನ್ನ ಹೆಂಡತಿ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಇದ್ಳು.”

“ಅದಕ್ಕೆ ತಂಗಿ ತಲೆಗೆ ಕಟ್ಟಿದ್ರಿ.”

ದೊಡ್ಡ ಮಗಳು ಗಂಡನ ಕಡೆ ತಿರುಗಿಯೂ ನೋಡದೆ ಉತ್ತರ ಕೊಟ್ಟಳು. “ಸತ್ತವರ ಚಿತ್ರಕ್ಕೆ ಬೆಲೆ ಜಾಸ್ತಿ ಮೇಡಂ. ಈ ದಾರಿ ನಡೆದು ಬಂದ್ರಲ್ಲ, ಕಾಣಲಿಲ್ವಾ? ಆದ್ರೆ ಬರೆದೋಳು ನಾನು ಅಂತ ಒಬ್ಬಳು ಬೀದೀಲಿ ಕೂಗ್ತಾ ಓಡಾಡಿದ್ರೆ ಕಾಸಿನ ಬೆಲೆ ಇರಲ್ಲ. ಜೈಲಿಂದ ಕೂಗಿದ್ರೆ ಯಾರೂ ಕೇಳಲ್ಲ.” ಗಂಡನ ಕಡೆ ಕೈ ತೋರಿಸಿ ಸೇರಿಸಿದಳು. “ಇವರು ಈಗ ಹೇಳಿದ್ದನ್ನ ನಾಳೆ ಕೋರ್ಟಲ್ಲಿ ಹೇಳಲ್ಲ. ನಾನು ಹೇಳೋಕೆ ಬಿಡಲ್ಲ.”

ಅಳಿಯ ತಲೆ ತಗ್ಗಿಸಿದ. ಹೇಳುವುದಿಲ್ಲ ಎಂದು ಆ ತಲೆಯೇ ಹೇಳಿತು.

ಹಾಗಾದರೆ ಚಿಕ್ಕವಳ ಪರವಾಗಿ ಉಳಿದದ್ದು ಬೆಣ್ಣೆಯ ಕೈಯಲ್ಲಿದ್ದ ಕ್ಯಾನ್ವಾಸ್ ಒಂದೇ. ಅದನ್ನು ಫೋಟೋ ತೆಗೆಸಿ ಇಟ್ಟಿದ್ದೆ. ಆದರೆ ಫೋಟೋದಲ್ಲಿ ಧೂಳು ಕಾಣುವುದಿಲ್ಲ. ಬಣ್ಣದ ಕೆಳಗಿನ ಬಣ್ಣವೂ ಕಾಣುವುದಿಲ್ಲ.

ಚಿಕ್ಕವಳನ್ನು ಮಣೆಯ ಮೇಲೆ ಕೂರಿಸಿದೆ. ಅವಳ ಕುತ್ತಿಗೆಯ ಹಿಂಭಾಗದಲ್ಲಿ, ಟೋಪಿಯ ಅಂಚಿಗೂ ಅಂಗಿಯ ಕಾಲರಿಗೂ ನಡುವಿನಷ್ಟು ಜಾಗದಲ್ಲಿ, ಚರ್ಮ ಸುಟ್ಟು ಸಿಪ್ಪೆ ಏಳುತ್ತಿತ್ತು. ಬಲಗೈ ಮೇಲೂ ಹಾಗೆಯೇ. ಒಂದೇ ಒಂದು ಬೆಳಗಿನ ಬಿಸಿಲಿನ ಗುರುತು.

“ನಿನಗೆ ಒಣ ಬ್ರಷ್ ಕೊಟ್ಟಿರಬೇಕಲ್ಲ?” ಎಂದೆ.

“ಹೂಂ. ಮುಗಿದಿರೋ ಚಿತ್ರ, ಒಣ ಬ್ರಷ್. ಸುಮ್ನೆ ಕೈ ಆಡಿಸು ಅಂದ್ರು ಭಾವ.” ಅವಳು ನೀರನ್ನು ನೋಡುತ್ತಿದ್ದಳು. “ಅಪ್ಪನ ಪೆಟ್ಟಿಗೆಯಲ್ಲಿ ಬಣ್ಣ ಇತ್ತು. ಬಣ್ಣ ಕೆರೆಯೋ ಚಾಕೂ ಇತ್ತು. ಮೊದಲು ಆ ಚಿತ್ರಾನ ಪೂರ್ತಿ ಕೆರೆದುಹಾಕಿದೆ. ಸುಳ್ಳು ಚಿತ್ರ ಅದು. ಹಿಂದಿನ ಕೋಣೆಯ ಕಿಟಕಿಗೆ ಹಲಗೆ ಹೊಡೆದಿದ್ದಾರೆ ಮೇಡಂ, ಯಾರೂ ಇಣುಕಬಾರದು ಅಂತ. ಇಪ್ಪತ್ತು ವರ್ಷದಿಂದ ನಾನು ಸಮುದ್ರಾನ ಬಾಯಿಪಾಠದಿಂದ ಬರೀತಾ ಇದೀನಿ. ಆವತ್ತು ಅದು ಎದುರಿಗೇ ಇತ್ತು. ನಾನು... ಹೇಗೆ ಹೇಳ್ಲಿ. ಜನ್ಮದಲ್ಲಿ ಅಷ್ಟು ಸಂತೋಷ ಆಗಿರಲಿಲ್ಲ ನನಗೆ.”

ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಧೂಳು, ಸುಟ್ಟ ಕುತ್ತಿಗೆ, ಅಜ್ಜನ ಕಣ್ಣು. ಇಷ್ಟರಿಂದ ಅವಳು ಇಲ್ಲಿ ಕೂತಿದ್ದಳು ಎಂದು ತೋರಿಸಬಹುದು. ಆದರೆ ಚಿತ್ರ ಮುಗಿಸಿ ಎದ್ದು ಹೋಗಿ ತಿರುವಿನಲ್ಲಿ ತಳ್ಳಿದಳು ಎಂದು ಅಕ್ಕ ಹೇಳುತ್ತಾಳೆ. ಅವಳು ಬರೆಯುತ್ತಿದ್ದಾಗಲೇ ಅಜ್ಜ ಬಿದ್ದಾಗಿತ್ತು ಎಂದು ತೋರಿಸಬೇಕು. ಅದನ್ನು ತೋರಿಸುವ ಗುರುತು ಚಿತ್ರದಲ್ಲೇ ಇತ್ತು. ನಿನ್ನೆಯೇ ನನ್ನ ಕಣ್ಣಿಗೆ ಬಿದ್ದಿತ್ತು. ಕೇಳದಿದ್ದರೆ ಇವಳು ಜೈಲಿಗೆ. ಕೇಳಿದರೆ ಆ ಒಂದು ಬೆಳಗಿನ ಸಂತೋಷವನ್ನು ನಾನೇ ಕೈಯಾರೆ ಕಿತ್ತುಕೊಳ್ಳಬೇಕು. ಪೊಲೀಸರ ಕೆಲಸಕ್ಕೆ ಸೇರಿದ್ದಕ್ಕೆ ಆ ಹೊತ್ತು ನನ್ನನ್ನೇ ಶಪಿಸಿಕೊಂಡೆ.

ಕೇಳಿದೆ.

“ಈ ಬಂಡೆ ಮೇಲೆ ಒಂದು ನೀಲಿ ಚುಕ್ಕೆ ಇದೆಯಲ್ಲ. ಏನದು?”

“ಅದಾ? ದೋಣಿಯವರ ಟಾರ್ಪಾಲು ಹರಿದು ಬಿದ್ದಿತ್ತು. ಚೂರು.” ಅವಳಿಗೆ ಹೇಳಿಕೊಳ್ಳುವ ಉತ್ಸಾಹ ಬಂತು. “ಕರಿ ಬಂಡೆ ಮೇಲೆ ಆ ನೀಲಿ ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ? ಅದಿಲ್ದೆ ಈ ಚಿತ್ರ ನಿಲ್ತಾನೇ ಇರಲಿಲ್ಲ.”

“ಆವತ್ತು ನೀನು ಹಾಕ್ಕೊಂಡಿದ್ದ ಅಂಗಿ ಯಾವ ಬಣ್ಣ?”

“ಅಪ್ಪಂದು. ನೀಲಿ. ಅಪ್ಪಂಗೆ ಎಲ್ಲಾ ಅಂಗೀನೂ ಒಂದೇ ಥಾನಿನ ಬಟ್ಟೇಲಿ...”

ಅವಳು ಮಾತು ನಿಲ್ಲಿಸಿದಳು. ನಾನು ಬೆರಳು ತೋರಿಸಬೇಕಾಗಲಿಲ್ಲ. ಚಿತ್ರವನ್ನು ನೋಡಿದಳು, ಎದುರಿನ ತಿರುವನ್ನು ನೋಡಿದಳು, ಅದರ ಕೆಳಗಿನ ಬಂಡೆಯನ್ನು ನೋಡಿದಳು. ಅಪ್ಪ ಎಲ್ಲಿ ಸಿಕ್ಕಿದನೆಂದು ಅವಳಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ.

“ಅಯ್ಯೋ,” ಎಂದಳು. ಕೂಗಲಿಲ್ಲ. ಮನೆಯಲ್ಲಿ ಏನೋ ಮರೆತು ಬಂದವರು ಅನ್ನುವಷ್ಟು ಮೆಲ್ಲಗೆ ಅಂದಳು.

ಅಳಿಯ ಮುಖ ತಿರುಗಿಸಿಕೊಂಡ. ದೊಡ್ಡ ಮಗಳು ಮಾತ್ರ ಚಿತ್ರವನ್ನೇ ನೋಡುತ್ತ ನಿಂತಿದ್ದಳು. ಅದಕ್ಕೆ ಈಗ ಎಷ್ಟು ಬರಬಹುದು ಎಂದು ಲೆಕ್ಕ ಹಾಕುತ್ತಿದ್ದಳೋ ಏನೋ, ಆ ಹೆಂಗಸಿನ ಮಟ್ಟಿಗೆ ನಾನು ಏನನ್ನೂ ನಂಬಬಲ್ಲೆ.

“ನೀನು ಬಿಡುಗಡೆ ಆದ ಹಾಗೇ ಲೆಕ್ಕ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. “ಬೆಳಗಿನ ನೆರಳಿರುವಾಗಲೇ ಅವರು ಅಲ್ಲಿ ಬಿದ್ದಿದ್ರು ಅಂದ್ರೆ ನೀನು ತಳ್ಳಿರೋಕೆ ಸಾಧ್ಯ ಇಲ್ಲ. ಇನ್ನೊಂದೇ ಒಂದು ಕೇಳ್ತೀನಿ. ಇದರ ಕೆಳಗೆ, ನೀರಿನ ಹತ್ತಿರ, ಬಣ್ಣ ಕೆರೆದ ಗುರುತಿದೆ. ಅಲ್ಲೂ ನೀಲಿ ಕಲೆ ಉಳಿದಿದೆ. ಯಾಕೆ?”

ಅವಳು ಆ ಕಲೆಯ ಕಡೆ ಬಗ್ಗಿ ನೋಡಿದಳು.

“ಮೊದಲು ಅದು ಅಲ್ಲಿತ್ತು.”

“ಮೊದಲು?”

“ನೀರಿನ ಹತ್ರ ಇತ್ತು. ಬರೆದೆ. ಆಮೇಲೆ ತಲೆ ಎತ್ತಿ ನೋಡಿದ್ರೆ ಮೇಲಿನ ಬಂಡೆಗೆ ಬಂದಿತ್ತು. ಅಲೆ ಎತ್ತಿ ಹಾಕಿರಬೇಕು ಅಂದ್ಕೊಂಡೆ. ಕೆರೆದು, ಮೇಲೆ ಬರೆದೆ.” ಅವಳ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಒಮ್ಮೆ ಆಡಿತು. “ಸ್ವಲ್ಪ ಅಲ್ಲಾಡ್ತಾನೂ ಇತ್ತು ಮೇಡಂ. ಗಾಳಿಗೆ ಅಂತ... ಅಲ್ಲಾಡಬೇಡ, ಒಂಚೂರು ಸುಮ್ನಿರು ಅಂತ ನಾನು ಬೈದೆ.”

ಗಾಳಿ ಬೀಸಿ ಹಗ್ಗ ಅಲ್ಲಾಡಿತು. ಒಬ್ಬ ಕುರುಡ ಮುದುಕ ಮುರಿದ ಮೈ ಎಳೆದುಕೊಂಡು ಬಂಡೆ ಹತ್ತಿದ್ದ. ಕೈ ಬೀಸಿದ್ದ. ಮೇಲೆ ಮಣೆಯ ಮೇಲೆ ಮಗಳು ಕೂತಿರುತ್ತಾಳೆಂದು ಅವನಿಗೆ ಗೊತ್ತಿದ್ದಿರಬೇಕು. ಮಗಳು ಅವನನ್ನು ನೋಡಿದಳು, ಅಷ್ಟು ಗಮನವಿಟ್ಟು ಅವನನ್ನು ಯಾರೂ ನೋಡಿರಲಿಕ್ಕಿಲ್ಲ. ನೋಡಿ ಬಣ್ಣ ಬೆರೆಸಿದಳು.

ಆಗ ನನಗೆ ಡಾಕ್ಟರು ಹೇಳಿದ ಇನ್ನೊಂದು ಮಾತು ನೆನಪಾಯಿತು. ಬಿದ್ದ ಪೆಟ್ಟು ಸೊಂಟಕ್ಕೂ ಕಾಲಿಗೂ. ಜೀವ ತೆಗೆದ ಪೆಟ್ಟು ತಲೆಗೆ. ಎರಡೂ ಒಂದೇ ಸಲ ಬಿದ್ದಾಗ ಆದದ್ದು ಎಂದುಕೊಂಡಿದ್ದೆ. ಸೊಂಟ ಮುರಿದವನು ತೆವಳಿಕೊಂಡಾದರೂ ಬಂಡೆ ಹತ್ತಬಹುದು. ತಲೆ ಒಡೆದವನು ಹತ್ತಲಾರ.

ಅಂದರೆ ಹತ್ತಿದ ಮೇಲೆ ಯಾರೋ ಬಂದಿದ್ದರು.

ಕ್ಯಾನ್ವಾಸಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಮೇಲಿನ ನೀಲಿ ಚುಕ್ಕೆಯ ಪಕ್ಕದಲ್ಲೇ ಬಣ್ಣ ಕಲಸಿಹೋಗಿತ್ತು. ಅದೇ ಜಾಗದಲ್ಲಿ ಬೆಣ್ಣೆಯ ಹೆಬ್ಬೆರಳು ಒತ್ತಿದ್ದು. ಬೆರಳಿನ ಗುರುತಿನ ಸುತ್ತ, ಬಟ್ಟೆಯಿಂದ ಒರೆಸಿದ ಗೆರೆಗಳು ಇನ್ನೂ ಕಾಣುತ್ತಿದ್ದವು. ಅವು ಹೆಬ್ಬೆರಳಿನವಲ್ಲ.

“ಇಲ್ಲಿ ಏನಿತ್ತು?” ಎಂದೆ. “ನೀನು ಏನನ್ನೋ ಒರೆಸಿದೀಯ.”

“ಒಬ್ಬರು ನಿಂತಿದ್ರು,” ಎಂದಳು ಚಿಕ್ಕವಳು. ಅವಳು ಈಗ ಅಳುತ್ತಿದ್ದಳು. ಅಳುತ್ತಲೇ ಒಪ್ಪವಾಗಿ ಹೇಳುತ್ತಿದ್ದಳು. “ಟಾರ್ಪಾಲು ತೆಗೆಯೋಕೆ ಬಂದಿದ್ದಾರೆ ಅಂದ್ಕೊಂಡೆ. ಬರೆದೆ. ಆಮೇಲೆ ಬಟ್ಟೇಲಿ ಒರೆಸಿಬಿಟ್ಟೆ. ಅಕ್ಕ ಯಾವಾಗಲೂ ಬೈತಾಳೆ, ಚಿತ್ರದಲ್ಲಿ ಮನುಷ್ಯರನ್ನ ಹಾಕ್ಬೇಡ, ಮನುಷ್ಯರಿದ್ರೆ ಯಾರೂ ಕೊಳ್ಳಲ್ಲ ಅಂತ. ಕೈಗೆ ಅದೇ ಅಭ್ಯಾಸ ಆಗಿಬಿಟ್ಟಿದೆ.”

ದೊಡ್ಡ ಮಗಳು ಹಗ್ಗ ಹಿಡಿದುಕೊಂಡಳು.

“ಮುಖ ಕಂಡಿತಾ?”

“ಅಷ್ಟು ದೂರಕ್ಕೆ ಮುಖ ಎಲ್ಲಿ ಕಾಣತ್ತೆ? ಒಂದು ಗೆರೆ, ಅಷ್ಟೇ.”

“ಯಾವ ಬಣ್ಣದ ಗೆರೆ?”

ಅವಳು ಕಣ್ಣು ಒರೆಸಿಕೊಂಡಳು. “ಹಳದಿಗೆ ಸ್ವಲ್ಪ ಮಣ್ಣಿನ ಬಣ್ಣ ಬೆರೆಸಿದ್ದೆ.” ಹೇಳುತ್ತ ಸುತ್ತಲೂ ನೋಡಿದಳು. ಮಣ್ಣು ನೋಡಿದಳು, ಹಗ್ಗ ನೋಡಿದಳು. ಆಮೇಲೆ ನನ್ನ ತೋಳು ಹಿಡಿದುಕೊಂಡಳು. “ಇದೇ ಬಣ್ಣ ಮೇಡಂ. ನಿಮ್ಮ ಬಟ್ಟೆ ಬಣ್ಣ.”

ಆವತ್ತು ಬೆಳಿಗ್ಗೆ ನಾನು ಜಿಲ್ಲಾ ಕೋರ್ಟಿನಲ್ಲಿ ಬೇರೊಂದು ಕೇಸಿಗೆ ಸಾಕ್ಷಿ ಹೇಳುತ್ತಿದ್ದೆ. ಗುಡ್ಡದ ಬೀಟಿನಲ್ಲಿ ಖಾಕಿ ತೊಟ್ಟವನು ಇದ್ದದ್ದು ಒಬ್ಬನೇ. ಅಜ್ಜನ ಕೋಣೆಯ ಚಿಲಕ ತೆಗೆದವನೂ ಅವನೇ ಇರಬೇಕು; ಯಾಕೆಂದು ಮಾತ್ರ ಇನ್ನೂ ತಿಳಿಯಬೇಕಿತ್ತು.

ತಿರುಗಿದೆ. ಇಷ್ಟು ಹೊತ್ತೂ ಎದೆಗೆ ಅಡ್ಡವಾಗಿದ್ದ ಕ್ಯಾನ್ವಾಸನ್ನು ಬೆಣ್ಣೆ ಪಕ್ಕಕ್ಕೆ ಸರಿಸಿದ್ದ. ಅವನ ಅಂಗಿ ಬಿಸಿಲಿಗೆ ಹೊಳೆಯುತ್ತಿತ್ತು. ಮುಖದಲ್ಲಿ ಎಂದಿನ ನಗುವೇ ಇತ್ತು.

“ಅದನ್ನ ಇಲ್ಲಿ ಕೊಡಯ್ಯ,” ಎಂದೆ, ಕೈ ಚಾಚಿ.

ಅವನು ಒಂದು ಹೆಜ್ಜೆ ಹಿಂದೆ ಇಟ್ಟ. ಅವನ ಬೂಟಿನ ಹಿಮ್ಮಡಿಯ ಆಚೆ ನೆಲ ಇರಲಿಲ್ಲ. ಕ್ಯಾನ್ವಾಸನ್ನು ಒಂದೇ ಕೈಯಲ್ಲಿ, ಎರಡು ಬೆರಳಿನ ತುದಿಯಲ್ಲಿ, ಸಮುದ್ರದ ಮೇಲಕ್ಕೆ ಚಾಚಿ ಹಿಡಿದ. ಗಾಳಿಗೆ ಅದು ಪಟಪಟ ಹೊಡೆದುಕೊಂಡಿತು. ಚಿಕ್ಕವಳು ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿ ಹಿಡಿದಳು.

“ಗಾಳಿ ಜೋರಿದೆ ಮೇಡಂ,” ಎಂದ ಬೆಣ್ಣೆ, ಅದೇ ನುಣುಪು ದನಿಯಲ್ಲಿ. “ಕೈ ಜಾರಿದ್ರೆ ನನ್ನನ್ನ ಬೈಬೇಡಿ.”